ಕಣಿ ಮೇಷ್ಟ್ರ ನಾಲ್ಕು ಲಕೋಟೆಗಳು

ಜೂನ್ 21, ಚನ್ನಗಿರಿ

ಚನ್ನಗಿರಿಯ ನಿವಾಸಿ, ನಿವೃತ್ತ ಇತಿಹಾಸ ಉಪನ್ಯಾಸಕ, ವಯಸ್ಸು ಅರವತ್ತೊಂದು, ಗುರುಬಸವರಾಜ್ ಎಂಬ ನಾನು ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ, ಈ ದಿನಚರಿಯ ಸಮಕ್ಷಮದಲ್ಲಿ ತಪ್ಪೊಪ್ಪಿಕೊಳ್ಳುವುದೇನೆಂದರೆ: ಹನ್ನೊಂದು ವರ್ಷಗಳಿಂದ ನಾನು ನಾಲ್ಕು ತಾಲ್ಲೂಕುಗಳ ನಾಲ್ಕು ಜನ ಸಜ್ಜನರಿಗೆ ಮೋಸ ಮಾಡುತ್ತ ಬಂದಿದ್ದೇನೆ. ಕೃತ್ಯಕ್ಕೆ ಬಳಸಿದ ಆಯುಧ, ಎರಡು ಚಮಚ ಮೈದಾ ಹಿಟ್ಟಿನ ಅಂಟು. ಅಂಟು ಕಾಯಿಸಿಕೊಟ್ಟ ಸಹ ಆರೋಪಿ, ನನ್ನ ಹೆಂಡತಿ ಸಂಧ್ಯಾರಾಣಿ. ಇದನ್ನು ಓದುತ್ತಿರುವವನು ನಾನೇ ಆಗಿದ್ದರೆ ಮುಂದುವರಿಯಬಹುದು. ಬೇರೆಯವರಾದರೆ ನೀವೂ ಅಪರಾಧಿಗಳೇ.

ಕೃತ್ಯದ ವಿವರ. ಕ್ರಿಕೆಟ್ ವಿಶ್ವಕಪ್ ಗಂಡಸರದ್ದಿರಲಿ, ಹೆಂಗಸರದ್ದಿರಲಿ, ಶುರುವಾಗುವ ಮೊದಲೇ ಗೆಲ್ಲುವ ತಂಡದ ಹೆಸರನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಅಡ್ಡ ಸಹಿ ಮಾಡಿ ಒಬ್ಬ ನಂಬಿಗಸ್ತರ ಕೈಗೆ ಕೊಡುತ್ತೇನೆ. “ನಿಮ್ಮೊಬ್ಬರನ್ನೇ ನಂಬಿ ಕೊಡ್ತಿದೀನಿ. ಯಾರಿಗೂ ಹೇಳಬೇಡಿ. ಫೈನಲ್ ಆದ ಮೇಲೆ ನಾನು ಫೋನ್ ಮಾಡಿದರೆ ಹತ್ತು ಜನರ ಮುಂದೆ ಒಡೆಯಿರಿ. ಮಾಡದಿದ್ದರೆ ಟೂರ್ನಿಯಲ್ಲೇ ಏನೋ ಕಳ್ಳಾಟ ನಡೆದಿದೆ ಅಂತ ತಿಳಿದು ಹಾಗೇ ಒಲೆಗೆ ಹಾಕಿ” ಎನ್ನುತ್ತೇನೆ. ನಂಬಿಗಸ್ತರು ತಲೆಯಾಡಿಸಿ ಒಳಗಿಡುತ್ತಾರೆ. ಇಷ್ಟರಲ್ಲಿ ಅಪರಾಧವಿಲ್ಲ. ಅಪರಾಧವಿರುವುದು ನಂಬಿಗಸ್ತರ ಸಂಖ್ಯೆಯಲ್ಲಿ. ಅವರು ನಾಲ್ವರು. ಲಕೋಟೆ ನಾಲ್ಕು. ಒಳಗಿರುವ ತಂಡವೂ ನಾಲ್ಕು.

ಈ ಸಲದ ಹೆಂಗಸರ ವಿಶ್ವಕಪ್ಪಿಗೆ ಹಂಚಿಕೆ ಹೀಗಿದೆ. ಪಕ್ಕದ ಮನೆಯ ಅಡಿಕೆ ವ್ಯಾಪಾರಿ ತಿಪ್ಪೇಶಪ್ಪನವರಿಗೆ ಆಸ್ಟ್ರೇಲಿಯಾ, ಏಕೆಂದರೆ ಅವರು ನಷ್ಟದ ಮಾಲು ಮುಟ್ಟುವವರಲ್ಲ. ಹೊನ್ನಾಳಿಯ ನಮ್ಮಕ್ಕ ಕಸ್ತೂರಮ್ಮನಿಗೆ ಭಾರತ. ಒಡಹುಟ್ಟಿದವಳನ್ನು ಪರದೇಶಕ್ಕೆ ಕಳಿಸಲು ಮನಸ್ಸು ಬರಲಿಲ್ಲ. ನ್ಯಾಮತಿಯಲ್ಲಿ ಟೂರ್ ಏಜೆನ್ಸಿ ನಡೆಸುವ ಬಾಮೈದ ಪರಮೇಶನಿಗೆ ಇಂಗ್ಲೆಂಡ್. ಅವನೂ ವ್ಯಾಪಾರದ ಮಾತಾಡಲು ನಮ್ಮ ಮನೆಗೆ ಬಂದು, ಸೋಫಾ ಆಕ್ರಮಿಸಿಕೊಂಡು, ಹೊರಡಲು ಬಹಳ ಕಾಲ ತೆಗೆದುಕೊಳ್ಳುವವನು. ನಾನು ಮೊದಲು ಕೆಲಸಕ್ಕೆ ಸೇರಿದ ಜಗಳೂರಿನ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದ ಜಂಪಣ್ಣನಿಗೆ ದಕ್ಷಿಣ ಆಫ್ರಿಕಾ; ಆ ತಂಡವೂ ಜಗಳೂರಿನ ಆಕಾಶವೂ ಒಂದೇ ಥರ, ಪ್ರತಿ ಸಲ ಮೋಡ ಕಟ್ಟುತ್ತದೆ, ಸುರಿಯುವುದಿಲ್ಲ.

ಫಲಿತಾಂಶ? ಹದಿಮೂರು ಟೂರ್ನಿಗಳಲ್ಲಿ ಒಡೆದ ಲಕೋಟೆ ಒಂದೂ ತಪ್ಪಿಲ್ಲ, ತಪ್ಪಿದ ಲಕೋಟೆ ಒಂದೂ ಒಡೆದಿಲ್ಲ. ನಾಲ್ಕೂ ಊರಲ್ಲಿ ನನಗೆ ಕಣಿ ಮೇಷ್ಟ್ರು ಎಂದೇ ಹೆಸರು. ಈ ನಾಲ್ಕು ಲಕೋಟೆ ನನ್ನ ನಾಲ್ಕು ಕೋಟೆ. ಮೋಸದ ಮಾತು ಒತ್ತಟ್ಟಿಗಿರಲಿ, ಕ್ರಿಕೆಟ್ಟಿನಲ್ಲಿ ನನ್ನ ಕಣ್ಣು ತಪ್ಪಿಸಿ ಒಂದು ಬೈ ರನ್ ಕೂಡ ಓಡಲಾಗದು. ಯಾವ ತಂಡ ಒಳಗಿದೆ, ಯಾವುದು ಹೊರಗೆ ಬಿತ್ತು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವನು ಈ ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬನೇ. ಇದನ್ನು ಜಂಬವೆಂದಲ್ಲ, ದಾಖಲೆಗಾಗಿ ಬರೆಯುತ್ತಿದ್ದೇನೆ.

ಈಗ ಸಂಕಟ. ಬೆಳಿಗ್ಗೆ ಪರಮೇಶ್ ಬಂದು ಸೋಫಾ ಆಕ್ರಮಿಸಿ ಹೇಳಿದ: “ಭಾವ, ಹಿಮಾಚಲದ ತೀರ್ಥನ್ ಕಣಿವೆ ಟೂರ್ ಫಿಕ್ಸ್ ಆತು. ಎಲ್ಲಾ ನಿಮ್ಮವರೇ. ತಿಪ್ಪೇಶಪ್ಪಣ್ಣ, ಕಸ್ತೂರಕ್ಕ, ಜಗಳೂರು ಜಂಪಣ್ಣ. ನಿಮ್ಮ ರಿಟೈರ್ಮೆಂಟ್ ಫಂಕ್ಷನ್ನಾಗೆ ನಂಬರ್ ತಗಂಡಿದ್ದೆ. ಫೈನಲ್ಲೂ ಅಲ್ಲೇ ಒಟ್ಟಿಗೆ ಕುಂತು ನೋಡಾಣ.”

‘ಒಟ್ಟಿಗೆ’ ಎನ್ನುವಾಗ ಅವನ ಎಡಗಣ್ಣು ಸ್ವಲ್ಪ ಮುಚ್ಚಿತು. ಧೂಳೋ, ಸಂಚೋ?

ಕಣಿ ಹೇಳುವವನು ಕಣಿವೆಗೆ ಹೊರಟಿದ್ದಾನೆ. ನಾಲ್ಕು ಲಕೋಟೆಗಳೂ ಹಿಂದೆಯೇ ಬರುತ್ತಿವೆ.

ಜೂನ್ 25, ರೈಲಿನಲ್ಲಿ

ದಾವಣಗೆರೆಯಲ್ಲಿ ಹತ್ತಿದ್ದಾಯಿತು. ಆರು ಜನ, ಹದಿನಾಲ್ಕು ಚೀಲ, ಅದರಲ್ಲಿ ಎರಡು ಬರೀ ಮಂಡಕ್ಕಿ. ಹಿಮಾಲಯದಲ್ಲಿ ಹಿಮ ಕಾಣದೆ ಹೋದರೂ ಬೆಳ್ಳಗೆ ಏನಾದರೂ ಇರಲಿ ಎಂದು ಅಕ್ಕ ತಂದಳಂತೆ.

ಲಕೋಟೆಗಳ ಇರವನ್ನು ಪತ್ತೆ ಹಚ್ಚಿದ್ದೇನೆ. ಅಕ್ಕನದು ಎಲೆಅಡಿಕೆ ಸಂಚಿಯಲ್ಲಿ. ಭಾರತಕ್ಕೆ ಆಗಲೇ ಸುಣ್ಣ ಮೆತ್ತಿದೆ. ಪರಮೇಶನದು ಟಿಕೆಟ್ ಫೈಲಿನಲ್ಲಿ. ತಿಪ್ಪೇಶಪ್ಪನವರದು ಅಂಗಿಯ ಒಳಜೇಬಿನಲ್ಲಿ. ಜಂಪಣ್ಣನದು ಎಲ್ಲಿದೆಯೋ ತಿಳಿಯುತ್ತಿಲ್ಲ. ಹೆಂಡತಿ ಗಾದ್ರಮ್ಮ ಕುರಿ ಬಿಟ್ಟು ಬರುವುದಿಲ್ಲವೆಂದು ಅವರು ಒಬ್ಬರೇ ಬಂದಿದ್ದಾರೆ. ತಮ್ಮ ಚೀಲವನ್ನು ತಲೆದಿಂಬು ಮಾಡಿಕೊಂಡಿದ್ದಾರೆ. ಯಾಕೆ?

ತಿಪ್ಪೇಶಪ್ಪನವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಡಿಕೆ ಮಂಡಿಯಲ್ಲಿ ವ್ಯಾಪಾರಿಗಳು ಪ್ರತಿ ರಾಶಿಗೂ ತಮ್ಮ ದರವನ್ನು ಚೀಟಿಯಲ್ಲಿ ಗುಟ್ಟಾಗಿ ಬರೆದು ಡಬ್ಬಿಗೆ ಹಾಕುತ್ತಾರೆ. ಬರೆಯುವಾಗ ಚೀಟಿಗೆ ಅಂಗೈ ಮರೆ ಹಿಡಿಯುತ್ತಾರೆ. ಆದರೆ ಪೆನ್ನಿನ ಮೇಲ್ತುದಿಗೆ ಮರೆ ಹಿಡಿಯುವವರು ಯಾರು? ತಿಪ್ಪೇಶಪ್ಪನವರು ಹತ್ತಡಿ ದೂರ ನಿಂತು ಆ ತುದಿ ಕುಣಿಯುವುದನ್ನು ನೋಡಿಯೇ ಎದುರಾಳಿ ಏನು ಬರೆದ ಎಂದು ಹೇಳಬಲ್ಲರು. ನಲವತ್ತು ವರ್ಷದ ಅಭ್ಯಾಸ. ಈಗ ಎದುರು ಬರ್ತಿನಲ್ಲಿ ಕುಳಿತು ನನ್ನ ಪೆನ್ನನ್ನೇ ನೋಡುತ್ತಿದ್ದಾರೆ. ಆದ್ದರಿಂದ ಇಲ್ಲಿ ಬೇಕೆಂದೇ ಮೂರು ಸೊನ್ನೆ ಹಾಕುತ್ತೇನೆ. ೦೦೦. ಲೆಕ್ಕ ಹಾಕಿಕೊಂಡು ಕೂರಲಿ.

ಸೆಮಿಫೈನಲ್‌ಗಳು ಮೂವತ್ತಕ್ಕೆ ಮತ್ತು ಎರಡಕ್ಕೆ. ಫೈನಲ್ ಐದಕ್ಕೆ.

ಜೂನ್ 26, ರೈಲಿನಲ್ಲೇ

ಸಂಚು ಖಚಿತ. ನಾನು ಮುಖ ತೊಳೆದು ಬರುವಾಗ ಅಕ್ಕ ತಿಪ್ಪೇಶಪ್ಪನವರ ಕಡೆ ಬಾಗಿ, “ನಾಲ್ಕು ರೀ. ನಾನೇ ಎಣಿಸೀನಿ, ಒಟ್ಟು ನಾಲ್ಕು” ಎನ್ನುತ್ತಿದ್ದಳು. ನನ್ನನ್ನು ಕಂಡದ್ದೇ ಇಬ್ಬರೂ ಮಂಡಕ್ಕಿಗೆ ಕೈ ಹಾಕಿದರು.

“ಏನಕ್ಕ ನಾಲ್ಕು?” ಎಂದೆ.

“ಏನಿಲ್ಲಪ್ಪ, ನೀನು ತಿನ್ನು.”

ಎರಡು ಗಂಟೆ ಯಾತನೆ ಅನುಭವಿಸಿ, ಕೊನೆಗೆ ಸಂಧ್ಯಾಳನ್ನು ಬಾಗಿಲ ಹತ್ತಿರ ಕರೆದು ಕೇಳಿದೆ. ಅವಳು ನಕ್ಕಳು. “ನಿನ್ನೆ ರಾತ್ರಿ ನೀವು ನಾಲ್ಕು ಸಲ ಬಾತ್ರೂಮಿಗೆ ಎದ್ದು ಹೋದ್ರಂತೆ. ಮೇಲಿನ ಬರ್ತಿಂದ ಇಳಿಯಾಕೆ ಹೋಗಿ ಬಿದ್ದಾನು ಅಂತ ಅಕ್ಕಾರಿಗೆ ಭಯ. ತಿಪ್ಪೇಶಪ್ಪಣ್ಣ ತಮ್ಮ ಕೆಳಗಿನ ಬರ್ತ್ ಬಿಟ್ಟುಕೊಡ್ತಾರಂತೆ.”

ಕೆಳಗಿನ ಬರ್ತಿಗೆ ಬಂದಿದ್ದೇನೆ. ಆರಾಮಾಗಿದೆ. ಆದರೆ ಉಪಕಾರ ಮಾಡುವವರನ್ನು ಹಾಗೆ ನಂಬಿಬಿಡುವುದು ಇತಿಹಾಸ ಓದಿದವನ ಲಕ್ಷಣವಲ್ಲ.

ಜೂನ್ 28, ತೀರ್ಥನ್ ಕಣಿವೆ

ಕಣಿವೆ ಚೆನ್ನಾಗಿದೆ. ಅನುಮಾನ ಬರುವಷ್ಟು ಚೆನ್ನಾಗಿದೆ.

ದೆಹಲಿಯಿಂದ ಎರಡು ದಿನ ಟೆಂಪೊದಲ್ಲಿ ಕುಲುಕಾಡಿ ಬಂದೆವು. ಎರಡು ಕಡೆ ದೇವದಾರು ತುಂಬಿದ ಬೆಟ್ಟ, ನಡುವೆ ನದಿ, ನದಿಯ ದಡಕ್ಕೇ ಅಂಟಿಕೊಂಡ ಮರದ ಮನೆ. ಅದರ ಮಹಡಿಯಲ್ಲಿ ನಮಗೆ ಮೂರು ಕೋಣೆ. ನೀರಿನ ಸದ್ದು ಎಷ್ಟೆಂದರೆ ಪಕ್ಕದಲ್ಲಿ ನಿಂತವರ ಪಿಸುಮಾತೂ ಕೇಳಿಸುವುದಿಲ್ಲ. ಸಂಚುಗಾರರಿಗೆ ಇದಕ್ಕಿಂತ ಅನುಕೂಲದ ಜಾಗ ಭೂಮಿಯ ಮೇಲಿಲ್ಲ.

ಜಂಪಣ್ಣ ನದಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ಆಮೇಲೆ, “ಸಾರ್, ಇಷ್ಟು ನೀರು ಯಾರೂ ಕೇಳೋರಿಲ್ಲೇನು? ಸುಮ್ನೆ ಹೋಗ್ತಾ ಐತಲ್ಲ” ಎಂದರು. ಜಗಳೂರಿನವರ ಸಂಕಟ.

ತಿಪ್ಪೇಶಪ್ಪನವರು ಕಣ್ಣಲ್ಲೇ ಅಳತೆ ಹಾಕಿ, “ಇಲ್ಲೊಂದು ಏರಿ ಹಾಕಿದ್ರೆ ನಮ್ಮ ಸೂಳೆಕೆರೆಯಂಥದ್ದು ಎರಡು ತುಂಬ್ತಾವೆ” ಎಂದರು.

“ಇಬ್ರೂ ನೀರು ಹೊತ್ಕಂಡು ಹೋಗಾಕೆ ಬಂದೀರೋ, ನೋಡಾಕೆ ಬಂದೀರೋ?” ಎಂದಳು ಅಕ್ಕ.

ನನ್ನ ನಾಲ್ಕೂ ತಂಡಗಳು ಸೆಮಿಫೈನಲ್ ತಲುಪಿವೆ. ಮೂವತ್ತಕ್ಕೆ ಭಾರತ–ಇಂಗ್ಲೆಂಡ್, ಎರಡಕ್ಕೆ ಆಸ್ಟ್ರೇಲಿಯಾ–ದಕ್ಷಿಣ ಆಫ್ರಿಕಾ. ಇಂಥ ಆಯ್ಕೆ ಮಾಡಿದ ತಲೆಗೆ ಒಂದು ಸನ್ಮಾನವಿಲ್ಲ. ಸನ್ಮಾನ ಹೋಗಲಿ, ಅನುಮಾನ ಅವಮಾನವಾಗದಿದ್ದರೆ ಅದೇ ಬಹುಮಾನ. ಫೈನಲ್ ಮುಗಿದ ಕ್ಷಣ ನಾಲ್ವರೂ ಒಂದೇ ಟೀವಿಯ ಮುಂದೆ ನಾಲ್ಕು ಲಕೋಟೆ ಹೊರತೆಗೆದರೆ? “ನಿಮ್ಮೊಬ್ಬರನ್ನೇ ನಂಬಿ” ಎಂದು ನಾಲ್ಕು ಸಲ ಹೇಳಿದ ಬಾಯನ್ನು ಎಲ್ಲಿಡಲಿ?

ಅದಕ್ಕೆ ಮೊದಲು ಲಕೋಟೆಗಳನ್ನು ಮರಳಿ ಪಡೆಯಬೇಕು.

ಜೂನ್ 30

ಇಂದು ಜಲೋರಿ ಪಾಸ್, ಅಂದರೆ ಬೆಟ್ಟ ದಾಟುವ ದಾರಿಯ ನೆತ್ತಿ. ಮೂವತ್ತು ವರ್ಷ ಎಂತೆಂಥವರನ್ನೋ ಪಾಸ್ ಮಾಡಿಸಿದ ನಾನು ಈ ಪಾಸ್ ಮುಂದೆ ಮಂಡಿ ಹಿಡಿದು ಕುಳಿತೆ. ಹತ್ತು ಸಾವಿರ ಅಡಿ ಎತ್ತರ. ನನ್ನ ಕಾಲು ಸೋತಿತು, ಜಂಪಣ್ಣನ ಉಸಿರೇ ಸೋತಿತು. ಕಲ್ಲಿಗೆ ಒರಗಿ, ತುಟಿ ಬೆಳ್ಳಗಾಗಿ, ಆದರೂ “ನೀವು ನೋಡ್ಕಂಡು ಬರ್ರಿ ಸಾರ್, ನಾನು ಇಲ್ಲಿಂದ್ಲೇ ನೋಡ್ತೀನಿ” ಎಂದರು. ಅವರ ಚೀಲ ನಾನು ಹಿಡಿದುಕೊಂಡೆ. ಹಿಡಿದುಕೊಳ್ಳಲು ಕೇಳಿಕೊಂಡಾಗ ಅವರು ಕೊಡಲಿಲ್ಲ, ಬಲವಂತ ಮಾಡಬೇಕಾಯಿತು. ಇದನ್ನು ಗಮನಿಸಿದ್ದೇನೆ.

ಕೆಳಗಿಳಿದ ಮೇಲೆ ಊರಿನ ಆರೋಗ್ಯ ಕೇಂದ್ರದಲ್ಲಿ ನೋಡಿದರು. ಗಾಬರಿಯಿಲ್ಲ, ಎರಡು ದಿನ ಮಲಗಿರಲಿ, ಮೇಲೆ ಹತ್ತಿಸಬೇಡಿ ಎಂದರು.

ಸಂಜೆ ಪರಮೇಶನ ಫೋನಿಗೆ ಒಂದು ಗಳಿಗೆ ಸಿಗ್ನಲ್ ಬಂತು. ಭಾರತ ಗೆದ್ದಿತಂತೆ. ಇಂಗ್ಲೆಂಡ್ ಮನೆಗೆ, ಅಂದರೆ ನ್ಯಾಮತಿಗೆ. ಪರಮೇಶನ ಮುಖ ಗಮನಿಸಿದೆ. ಬಾಡಲಿಲ್ಲ. ಲಕೋಟೆ ಒಡೆದು ನೋಡಿದವನಾಗಿದ್ದರೆ ಬಾಡಬೇಕಿತ್ತು. ಅಥವಾ ಒಡೆದು ನೋಡಿರುವುದರಿಂದಲೇ ಬಾಡದಂತೆ ಇಟ್ಟುಕೊಂಡನೋ?

ಜುಲೈ 1

ಎಲ್ಲರೂ ಜಲಪಾತ ನೋಡಲು ಹೊರಟರು. “ಜಂಪಣ್ಣನ ಹತ್ರ ನಾನಿರ್ತೀನಿ” ಎಂದೆ. ಎಲ್ಲರಿಗೂ ನನ್ನ ಮೇಲೆ ಗೌರವ ಉಕ್ಕಿತು. ಅಕ್ಕನಂತೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ದಿನಚರಿಗೆ ಸುಳ್ಳು ಹೇಳುವುದಿಲ್ಲ: ನಾನು ಉಳಿದದ್ದು ಅವರ ಚೀಲ ಶೋಧಿಸಲು.

ಮಧ್ಯಾಹ್ನ ಊಟವಾಗಿ ಜಂಪಣ್ಣ ನಿದ್ದೆ ಹೋದರು. ತಲೆದಿಂಬಿನ ಜಾಗಕ್ಕೆ ನಿಜವಾದ ದಿಂಬು ಬಂದಿದ್ದರಿಂದ ಚೀಲ ಮೂಲೆಯಲ್ಲಿತ್ತು. ನಾನು ತುದಿಗಾಲಲ್ಲಿ ಹೋದೆ. ಪಂಚೆಯ ಮಡಿಕೆಯೊಳಗೆ, ಹಳೆಯ ಸೀರೆಯ ಅಂಚಿನಿಂದ ಕಟ್ಟಿದ ಒಂದು ಕಂತೆ ಸಿಕ್ಕಿತು. ಬಿಚ್ಚಿದೆ. ಒಂದಲ್ಲ, ಹನ್ನೊಂದು ಲಕೋಟೆ. ಎಲ್ಲದರ ಮೇಲೂ ನನ್ನ ಅಡ್ಡ ಸಹಿ. ವರ್ಷದಿಂದ ವರ್ಷಕ್ಕೆ ಆ ಸಹಿ ಹೇಗೆ ಕೊಬ್ಬುತ್ತ ಬಂದಿದೆ ಎಂಬುದೂ ಸಾಲಾಗಿ ಕಾಣಿಸಿತು.

ಬೆಳಕಿಗೆ ಹಿಡಿದೆ. ಉಗುರಿನಿಂದ ಅಂಟು ಕೆರೆದು ನೋಡಿದೆ. ಮೈದಾ ಒಣಗಿ ಹಳದಿಯಾಗಿದೆ. ಒಂದನ್ನೂ ಒಡೆದಿಲ್ಲ.

“ಸಿಕ್ತಾ ಸಾರ್?”

ಜಂಪಣ್ಣ ಎಚ್ಚರಾಗಿದ್ದರು. ಎಷ್ಟು ಹೊತ್ತಿನಿಂದಲೋ.

“ಮಾತ್ರೆ ಹುಡುಕ್ತಿದ್ದೆ” ಎಂದೆ.

“ಮಾತ್ರೆ ಕಿಟಕಿ ಮೇಲೈತೆ. ನೀವು ಹುಡುಕಿದ್ದು ಅದೇ ಕಂತೆ ಇರ್ಬೇಕು. ನಾನೇ ಕೊಡೋನಿದ್ದೆ ಬಿಡ್ರಿ.”

“ಇವನ್ನೆಲ್ಲ ಒಲೆಗೆ ಹಾಕಿ ಅಂದಿದ್ದೆನಲ್ಲ ಜಂಪಣ್ಣ?”

“ಅಂದಿದ್ರಿ.” ಅವರು ಗೋಡೆಗೆ ಒರಗಿ ಎದ್ದು ಕುಳಿತರು. “ಮೂವತ್ತು ವರ್ಷ ಪರೀಕ್ಷೆ ಟೈಮಿನಾಗೆ ಸೀಲು ಹಾಕಿದ ಕ್ವಶ್ಚನ್ ಪೇಪರ್ ಬಂಡಲ್ ಕಾದೋನು ನಾನು. ನೀವೇ ನೋಡೀರಲ್ಲ, ಆ ಬೀರು ಮುಂದೇನೇ ಮಲಗ್ತಿದ್ದೆ. ಸೀಲು ಇರೋದನ್ನ ಒಡೆಯಾಕೂ ಕೈ ಬರಲ್ಲ, ಸುಡಾಕೂ ಕೈ ಬರಲ್ಲ. ನೀವು ಫೋನ್ ಮಾಡಿದ ಮೂರು ವರ್ಷದ್ದು ಮೂರು ಒಡೆದೆ. ಉಳಿದ ಹತ್ತು ಹಳೇವು, ಒಂದು ಹೊಸದು. ನಂಗೂ ವಯಸ್ಸಾತು, ನಿಮ್ಮ ಕೈಗೆ ಒಪ್ಪಿಸಾಣ ಅಂತ ತಂದೀನಿ. ಎಣಿಸ್ಕಳ್ರಿ.”

“ಒಳಗೇನಿದೆ ಅಂತ ಒಂದು ದಿನಾನೂ ಆಸೆ ಆಗಲಿಲ್ವಾ?”

“ಆಗಿಲ್ಲ ಅಂದ್ರೆ ಸುಳ್ಳಾಗುತ್ತೆ. ಗಾದ್ರಮ್ಮನೂ ಕೇಳ್ತಿದ್ಲು, ಹಬೆಗೆ ಹಿಡಿದು ನೋಡಾಣ, ಮೇಷ್ಟ್ರಿಗೆ ಹೆಂಗೆ ಗೊತ್ತಾಗುತ್ತೆ ಅಂತ. ನಾನು ಬೈದೆ. ನಮ್ಮೊಬ್ರನ್ನೇ ನಂಬಿ ಕೊಟ್ಟಾರೆ ಕಣೇ, ಅಂದೆ.”

ನನಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದೆ. ಎತ್ತರದ ಜಾಗದಲ್ಲಿ ಗಂಟಲು ಒಣಗುತ್ತದೆ, ಕಣ್ಣಿಗೂ ನೀರು ಬರುತ್ತದೆ ಎಂದು ಪರಮೇಶ್ ಹೇಳಿದ್ದ.

ಇಷ್ಟು ಪ್ರಾಮಾಣಿಕತೆ ಅನುಮಾನಾಸ್ಪದ. ಈ ಕೋಣೆಯಲ್ಲಿ ಯಾರೋ ಒಬ್ಬರು ಸರಿಯಿಲ್ಲ. ಆದರೆ ಇದ್ದದ್ದು ನಾವಿಬ್ಬರೇ.

ಜುಲೈ 2

ಮಳೆ. ಕೆಳಗೆ ಎರಡು ಮೈಲಿ ದೂರದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದೆ. ಕರೆಂಟಿಲ್ಲ. ಆರೋಗ್ಯ ಕೇಂದ್ರದಿಂದ ಜಂಪಣ್ಣನ ಮಾತ್ರೆ ತರಲು ಹೋದಾಗ ನನ್ನ ಫೋನು ನೆಂದು ಪ್ರಾಣ ಬಿಟ್ಟಿತು. ಅಕ್ಕಿಯಲ್ಲಿ ಹೂತರೆ ಬದುಕುತ್ತದೆಯಂತೆ. ಅಕ್ಕಿ ಇಲ್ಲವೆಂದು ಸಂಧ್ಯಾ ಮಂಡಕ್ಕಿ ಚೀಲದಲ್ಲಿ ಹೂತಿದ್ದಾಳೆ.

ಜಂಪಣ್ಣನಿಗೆ ಎದೆ ಬಿಗಿತ. ಮನೆಯ ಒಡತಿಯಿಂದ ಓಮಿನ ಕಾಳು ಕೇಳಿ ತಂದು ಸೌದೆ ಒಲೆಯಲ್ಲಿ ಕಷಾಯ ಕಾಯಿಸಿದೆ. ಊದುವುದನ್ನು ಕಲಿತೆ. ಸಂಜೆ ಅವರು ಅರ್ಧ ರೊಟ್ಟಿ ತಿಂದರು. ಆಮೇಲೆ ಇನ್ನರ್ಧ.

ಜುಲೈ 3

ಮಳೆ ನಿಂತಿದೆ. ಜಂಪಣ್ಣ ನನ್ನ ತೋಳು ಹಿಡಿದು ನದಿಯವರೆಗೆ ನಡೆದರು. ಒಂದು ಕಲ್ಲಿನ ಮೇಲೆ ಕುಳಿತು ಕಾಲು ನೀರಿಗೆ ಬಿಟ್ಟೆವು. ಎಂಥ ಕೊರೆಯುವ ನೀರು! ಬೆಟ್ಟದ ಮೇಲಿನಿಂದ ಮೋಡ ಇಳಿದು ಬಂದು ನಮ್ಮ ಮುಂದೆಯೇ ಹಾದು ಹೋಯಿತು. ಬಿಳಿ ಕುತ್ತಿಗೆಯ ಒಂದು ಹಕ್ಕಿ ಕಲ್ಲಿಂದ ಕಲ್ಲಿಗೆ ಹಾರುತ್ತ ನೀರಿನೊಳಗೇ ಇಳಿದು ನಡೆಯಿತು. ಅದನ್ನು ಎಷ್ಟು ಹೊತ್ತು ನೋಡಿದೆವೋ.

ಗಾದ್ರಮ್ಮನಿಗೆ ಫೋನು ಮಾಡಬೇಕೆಂದು ಜಂಪಣ್ಣ ಎರಡು ಸಲ ಹೇಳಿದರು. ಪರಮೇಶ್ ರಸ್ತೆಯ ಸುದ್ದಿ ತಿಳಿಯಲು ಬಂಜಾರ ಎಂಬ ಕೆಳಗಿನ ಪೇಟೆಯವರೆಗೆ ನಡೆದು ಹೋಗಿದ್ದಾನೆ. ಅವನು ಬಂದಾಗ ಅಂಗಳದಲ್ಲಿ ಎಲ್ಲರೂ ಸುತ್ತ ಸೇರಿ ಗದ್ದಲ ಮಾಡಿದರು. ನಾನು ಒಲೆ ಊದುತ್ತಿದ್ದೆ, ಹೋಗಲಿಲ್ಲ. ನಾಳೆ ರಸ್ತೆ ತೆರೆಯುತ್ತದಂತೆ.

ಇಂದು ಯಾರ ಮೇಲೂ ಏನೂ ಬರೆಯಲು ತೋಚುತ್ತಿಲ್ಲ.

ಜುಲೈ 4, ಮಂಡಿ

ಕಣಿವೆ ಇಳಿದು ಮಂಡಿ ಎಂಬ ಊರಿಗೆ ಬಂದೆವು. ಹೆಸರು ಕೇಳಿಯೇ ತಿಪ್ಪೇಶಪ್ಪನವರಿಗೆ ತವರಿಗೆ ಬಂದಷ್ಟು ಖುಷಿ. ರಾಶಿ ಎಲ್ಲಿ, ಡಬ್ಬಿ ಎಲ್ಲಿ ಎಂದು ಡ್ರೈವರನನ್ನು ಕನ್ನಡದಲ್ಲೇ ಕೇಳುತ್ತಿದ್ದರು. ಪರಮೇಶನ ಫೋನಿನಿಂದ ಜಂಪಣ್ಣ ಜಗಳೂರಿಗೆ ಮಾತಾಡಿದರು. “ಮೇಷ್ಟ್ರೇ ಕಷಾಯ ಕಾಸಿಕೊಟ್ರು ಕಣೇ” ಎಂದು ಮೂರು ಸಲ ಹೇಳಿದರು. ಆ ಕಡೆಯಿಂದ ಗಾದ್ರಮ್ಮನ ನಗು ಇಲ್ಲಿಗೇ ಕೇಳಿತು.

ಊಟದ ಮೇಜಿನಲ್ಲಿ ನಾನು ಎದ್ದು ನಿಂತೆ. ಏಕೆ ಎದ್ದೆನೋ ತಿಳಿಯದು. ಊಟದಲ್ಲಿ ಏನೋ ಇದ್ದಿರಬೇಕು.

“ನಾನು ನಿಮ್ಮ ನಾಲ್ಕೂ ಜನಕ್ಕೂ ಲಕೋಟೆ ಕೊಟ್ಟಿದೀನಿ” ಎಂದೆ. “ನಾಲ್ಕರಲ್ಲೂ ಬೇರೆ ಬೇರೆ ತಂಡ. ಹನ್ನೊಂದು ವರ್ಷದಿಂದಲೂ ಹೀಗೇ.”

ಜಂಪಣ್ಣ ತಟ್ಟೆಯಿಂದ ತಲೆಯೆತ್ತಿದರು. ಉಳಿದ ಮೂವರು ತಿನ್ನುವುದನ್ನೂ ನಿಲ್ಲಿಸಲಿಲ್ಲ.

“ಅದಕ್ಯಾಕೆ ನಿಂತ್ಕಂಡೀಯ, ಕುಂತ್ಕಂಡು ಹೇಳು” ಎಂದಳು ಅಕ್ಕ. “ಅನ್ನ ಆರುತ್ತೆ.”

ತಿಪ್ಪೇಶಪ್ಪನವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. “ಮೇಷ್ಟ್ರೇ, ಮೊದಲ್ನೇ ವರ್ಷ ನೀವು ನಮ್ಮಂಗಡೀಲೇ ಕುಂತು ನಾಲ್ಕು ಚೀಟಿ ಬರೆದ್ರಿ. ಪೆನ್ನು ಒಂದೊಂದು ಚೀಟಿಗೂ ಒಂದೊಂದು ಥರ ಕುಣೀತು. ನಂಗೆ ಗೊತ್ತಾಗದೇ ಇರುತ್ತೇನ್ರಿ? ನಾಲ್ಕು ಡಬ್ಬಿಗೆ ನಾಲ್ಕು ರೇಟು ಹಾಕೋ ಗಿರಾಕಿ ಅಂತ ಆವತ್ತೇ ನಕ್ಕೆ.”

“ನಂಗೆ ಇವ್ರು ಹೇಳಿದ್ರು. ಪರಮೇಶಂಗೆ ನಾನು ಹೇಳ್ದೆ” ಎಂದಳು ಅಕ್ಕ.

“ಹಾಗಾದ್ರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?”

ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. “ನೀನು ಹೊನ್ನಾಳಿಗೆ ಬರೋದೇ ಆ ಲಕೋಟೆ ಕೊಡಾಕೆ. ಅದ್ನೂ ಒಡೆದು ನಿನ್ನ ಮುಂದೆ ಹಿಡಿದಿದ್ರೆ ಬರೋದೂ ನಿಂತು ಹೋಗ್ತಿತ್ತು.”

ಸಾರು ಖಾರವಾಗಿತ್ತು.

ಜಂಪಣ್ಣನ ಕಡೆ ನೋಡುವ ಧೈರ್ಯ ಬರಲಿಲ್ಲ. ಅವರೇ ಮಾತಾಡಿದರು. “ಹಂಗಾದ್ರೆ ನನ್ನೊಬ್ಬನ್ನೇ ನಂಬಿ ಕೊಟ್ಟಿದ್ದಲ್ಲ.”

“ಅಲ್ಲ ಜಂಪಣ್ಣ.”

ಅವರು ಸ್ವಲ್ಪ ಹೊತ್ತು ಅನ್ನ ಕಲೆಸಿದರು. “ಇರ್ಲಿ. ನಾನು ಕಾದಿದ್ದಂತೂ ಸುಳ್ಳಲ್ಲವಲ್ಲ.” ಆಮೇಲೆ, “ಸಾರ್, ಈಗ ಒಂದು ಕೆಲ್ಸ ಮಾಡ್ರಿ. ಇವೆಲ್ಲ ಹರಿದು ಹಾಕ್ರಿ. ಒಂದೇ ಬರೀರಿ. ಎಲ್ಲಾರ ಮುಂದೆ” ಎಂದರು.

ಅಷ್ಟರಲ್ಲಿ ಸಂಧ್ಯಾ ಬಾಯಿ ತೆರೆದಳು. “ಆ ಒಂದನ್ನ ಈ ಸಲ ನನ್ನ ಕೈಗೆ ಕೊಡ್ರಿ. ಹನ್ನೊಂದು ವರ್ಷ ಅಂಟು ಕಾಸಿಕೊಟ್ಟೀನಿ. ನಂಗೆ ಒಂದು ಲಕೋಟೆನಾದ್ರೂ ಕೊಟ್ಟೀರಾ?”

ಇದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಜುಲೈ 5, ಮಂಡಿ, ಮಧ್ಯಾಹ್ನ

ನಾಲ್ಕು ಹೊಸ ಲಕೋಟೆಗಳನ್ನೂ ಜಂಪಣ್ಣನ ಹತ್ತು ಹಳೆಯ ಲಕೋಟೆಗಳನ್ನೂ ಹೋಟೆಲಿನ ಕಸದ ಬುಟ್ಟಿಗೆ ಹರಿದು ಹಾಕಿದೆ. ನಾಲ್ಕು ಕೋಟೆ ಬಿದ್ದವು, ಮೈ ಹಗುರಾಯಿತು. ಕಣಿವೆಯ ಗಾಳಿಯ ಪರಿಣಾಮವಿರಬಹುದು.

ಆಮೇಲೆ ಎಲ್ಲರನ್ನೂ ಕೋಣೆಗೆ ಕರೆದು ಒಂದು ಪುಟ್ಟ ಭಾಷಣ ಮಾಡಿದೆ. ನಾಲ್ಕು ದಶಕಗಳ ಕ್ರಿಕೆಟ್ ಜ್ಞಾನ, ಪಿಚ್, ಹವಾಮಾನ, ಆಟಗಾರ್ತಿಯರ ಮನಸ್ಥಿತಿ, ಎಲ್ಲವನ್ನೂ ತೂಗಿ ಇಂದು ಒಂದೇ ಒಂದು ಹೆಸರು ಬರೆಯುತ್ತಿದ್ದೇನೆ. ಇಷ್ಟು ದಿನ ಆಟವಾಡಿದ್ದು ಬೇರೆ, ಈಗ ನೋಡಿ ಈ ಮೇಷ್ಟ್ರ ನಿಜವಾದ ಕೈಚಳಕ, ಎಂದೆ. ನಿಜ ಹೇಳಬೇಕೆಂದರೆ ಪಿಚ್ಚನ್ನೂ ಹವಾಮಾನವನ್ನೂ ತೂಗಲಿಲ್ಲ. ಪ್ರತಿ ಸಲ ಮೋಡ ಕಟ್ಟಿ ಸುರಿಯದೇ ಹೋಗುವ ಆ ತಂಡ ಒಂದು ಸಲ ಸುರಿಯಲಿ ಎನಿಸಿತು. ಜಂಪಣ್ಣ ಎದುರಿಗೇ ಕುಳಿತಿದ್ದರು.

ಚೀಟಿಗೆ ಅಂಗೈ ಮರೆ ಹಿಡಿದು ಬರೆಯತೊಡಗಿದೆ. ತಿಪ್ಪೇಶಪ್ಪನವರು ಮಂಚದ ತುದಿಯಿಂದ ನನ್ನ ಪೆನ್ನು ನೋಡುತ್ತಿದ್ದರು. ಎರಡನೆಯ ಅಕ್ಷರಕ್ಕೇ ಅವರ ಹುಬ್ಬು ಮೇಲೆ ಹೋಯಿತು.

“ಮೇಷ್ಟ್ರೇ, ಪೆನ್ ಎತ್ರಿ. ಒಂದ್ಸಲ ಇವತ್ತಿನ ಪೇಪರ್ ಓದ್ಕಂಡು ಬರೀರಿ.”

ಇದು ಮಂಡಿಯ ಹಳೆಯ ವಿದ್ಯೆ ಎಂದು ನನಗೆ ಗೊತ್ತಿಲ್ಲವೇ? ಎದುರಾಳಿಯ ದರ ಸರಿಯಾಗಿದ್ದಾಗಲೇ ಅವನ ಮನಸ್ಸು ಕೆಡಿಸುತ್ತಾರೆ. “ನನ್ನ ರೇಟು ನನ್ನದು” ಎಂದೆ.

“ರೀ, ನಿಮಗೆ ಮೊನ್ನೆ ಮ್ಯಾಚಿಂದು...” ಎಂದಳು ಸಂಧ್ಯಾ.

“ಶ್! ಪ್ರಭಾವ ಬೀರಬೇಡ.”

“ಅಲ್ಲ ಭಾವ, ನಾನು ಬಂಜಾರದಿಂದ ಬಂದಾಗ್ಲೇ...” ಎಂದ ಪರಮೇಶ್.

“ನೀನಂತೂ ಮಾತೇ ಆಡಬೇಡ, ನಿನ್ನ ಇಂಗ್ಲೆಂಡ್ ಆಗಲೇ ಮನೆ ಸೇರಿದೆ.”

ತಿಪ್ಪೇಶಪ್ಪನವರು ಅಕ್ಕನ ಕಿವಿಯಲ್ಲಿ ಏನೋ ಹೇಳಿದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಮತ್ತೆ ಪಿಸುಮಾತು, ಮತ್ತೆ ಸಂಚು. ಈ ಸಲ ನಾನು ಸೋಲಲಿಲ್ಲ. ಚೀಟಿ ಮಡಚಿ, ಲಕೋಟೆ ಅಂಟಿಸಿ, ಅಡ್ಡ ಸಹಿ ಹಾಕಿ, ಸಂಧ್ಯಾಳ ಕೈಗಿಟ್ಟು, “ನಿನ್ನೊಬ್ಬಳನ್ನೇ ನಂಬಿ ಕೊಡ್ತಿದೀನಿ” ಎಂದೆ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತುಟಿ ಕಚ್ಚಿ ಹಿಡಿದಿದ್ದಳು, ಭಾವುಕಳಾಗಿರಬೇಕು.

ಸಂಜೆ

ಹೋಟೆಲಿನ ಟೀವಿ ಹಾಕಿದರು. ರಾಷ್ಟ್ರಗೀತೆಗೆ ಎರಡು ತಂಡ ಸಾಲಾಗಿ ನಿಂತಿದ್ದವು. ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ.

“ದಕ್ಷಿಣ ಆಫ್ರಿಕಾದ ಹಸಿರು ಎಲ್ಲಿ?” ಎಂದೆ.

ನಗಲು ಮೊದಲು ಶುರು ಮಾಡಿದವಳು ಅಕ್ಕ, ಹಿಂದೆಯೇ ಎಲ್ಲರೂ. ಜಂಪಣ್ಣ ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಉಸಿರಿಗೇನೂ ತೊಂದರೆಯಾಗಲಿಲ್ಲ, ನಾನು ಗಮನಿಸುತ್ತಿದ್ದೆ. ಸಂಧ್ಯಾ ಮಾತ್ರ ಲಕೋಟೆ ಒಡೆಯಲಿಲ್ಲ. ಸೂಟ್‌ಕೇಸಿನ ತಳದಲ್ಲಿ, ತನ್ನ ಒಳ್ಳೆಯ ಸೀರೆಯ ಕೆಳಗೆ ಇಟ್ಟುಕೊಂಡಳು.

ದಾಖಲೆಗಾಗಿ ಬರೆಯಲೇಬೇಕು. ಯಾವ ತಂಡ ಒಳಗೆ, ಯಾವುದು ಹೊರಗೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ನಾನು, ಬದುಕಿನಲ್ಲಿ ಮೊದಲ ಸಲ ಒಂದೇ ಚೀಟಿಯಲ್ಲಿ ಒಂದೇ ತಂಡವನ್ನು ಬರೆದೆ. ಆ ತಂಡ ಎರಡನೇ ತಾರೀಕೇ ಸೆಮಿಫೈನಲ್ ಸೋತಿತ್ತಂತೆ. ಅಂದು ನಾನು ಒಲೆ ಊದುತ್ತಿದ್ದೆ. ಆಮೇಲೆ ಮೂರು ದಿನ, ಯಾರು ಗೆದ್ದರು ಎಂದು ಒಬ್ಬರನ್ನೂ ಕೇಳಲು ನೆನಪೇ ಆಗಿರಲಿಲ್ಲ.